ಎರಡು ದಿನ ಸಾಲದು, ದಯವಿಟ್ಟು ತಿದ್ದಿ
ನೇಪಾಳದ ಪವಿತ್ರ ಸರೋವರ ಗೋಸಾಯಿಕುಂಡದ ಯಾತ್ರೆ ಬಗ್ಗೆ ನಿಮ್ಮ ಬರಹದಲ್ಲಿ ‘ಭಕ್ತಿ ಇದ್ದರೆ ಧುಂಚೆಯಿಂದ ಎರಡೇ ದಿನಕ್ಕೆ ಗೋಸಾಯಿಕುಂಡ ತಲುಪಬಹುದು’ ಅಂತ ಬರೆದಿದ್ದೀರಿ. ಈ ಸಾಲು ಅಪಾಯದ್ದು. ನಡಿಗೆ ಶುರುವಾಗುವ ಧುಂಚೆ ಊರು ಇರುವುದು ಸುಮಾರು 2,000 ಮೀಟರ್ ಎತ್ತರದಲ್ಲಿ, ಕುಂಡ 4,380 ಮೀಟರ್‌ನಲ್ಲಿ. ಮೈ ಒಗ್ಗಿಕೊಳ್ಳಲು ಸಮಯ ಬೇಕು.

ನಾವು ಒಂಬತ್ತು ಜನ ಹೋಗಿದ್ದೆವು. ಹುರುಪಿನಲ್ಲಿ ಮೊದಲ ದಿನವೇ ದಾರಿಯ ತಂಗುದಾಣ ಚಂದನ್‌ಬಾರಿ ದಾಟಿ, ಅದಕ್ಕೂ ಮೇಲಿರುವ ಲೌರಿಬಿನಾ ಹತ್ತಿಬಿಟ್ಟೆವು. ಬೆಳಗ್ಗೆ ನಮ್ಮ ಅತ್ತಿಗೆ ಶೂ ಹಾಕಲು ಕೂತವರು, ಗಂಟು ಹಾಕುವುದೇ ಮರೆತ ಹಾಗೆ ಲೇಸ್ ಹಿಡಿದು ಸುಮ್ನೆ ನೋಡುತ್ತಿದ್ದರು. ರಾತ್ರಿಯಿಡೀ ತಲೆನೋವು, ವಾಂತಿ ಇತ್ತಂತೆ. ಎಲ್ಲರ ಯಾತ್ರೆ ಕೆಡುತ್ತದೆ ಅಂತ ಬಾಯಿ ಬಿಟ್ಟಿರಲಿಲ್ಲ. ಗುಂಪಿನಲ್ಲಿ ಹೋದಾಗ ಈ ಸಂಕೋಚವೇ ಜಾಸ್ತಿ, ಅಲ್ವಾ? ತಕ್ಷಣ ಚಂದನ್‌ಬಾರಿಗೆ ಇಳಿಸಿದೆವು. ಸಂಜೆಗೆ ಚೇತರಿಸಿಕೊಂಡರು.

ವಿಷ ಕುಡಿದ ಶಿವ ಗಂಟಲುರಿ ತಣಿಸಲು ತ್ರಿಶೂಲ ಚುಚ್ಚಿ ಈ ಕುಂಡದ ನೀರು ಹೊರಡಿಸಿದ ಕಥೆಯನ್ನು ನೀವು ಬರೆದ ರೀತಿ ಮನಸ್ಸಿಗೆ ಹಿಡಿಸಿತು. ನಮ್ಮ ನಂಜುಂಡನೇ ತಾನೆ ಅವನು! ಆದರೆ ಜನೈ ಪೂರ್ಣಿಮೆಗೆ, ಅಂದರೆ ನಮ್ಮ ನೂಲು ಹುಣ್ಣಿಮೆಗೆ, ಅಲ್ಲಿಗೆ ಹೊರಡುವವರೂ ಇದನ್ನು ಓದುತ್ತಾರೆ. ಚಂದನ್‌ಬಾರಿಯಲ್ಲಿ ಎರಡು ರಾತ್ರಿ, ಲೌರಿಬಿನಾದಲ್ಲಿ ಒಂದು ರಾತ್ರಿ ಉಳಿಯಲು ಹೇಳಿ. ತಲೆನೋವು ಶುರುವಾದರೆ ಮುಂದೆ ಹತ್ತಬೇಡಿ ಅಂತಲೂ ಸೇರಿಸಿ.