ಗುಲಾಬಿ ರಿಬ್ಬನ್ನಿನ ಗಂಟು

ಹನ್ನೆರಡು ವರ್ಷ ಬರೆದ ಕವಿತೆಗಳ ಫೈಲನ್ನು ಪ್ರಕಾಶಕರ ಟೇಬಲ್ಲಿನ ಮೇಲೆ ಇಟ್ಟೆ. ಅವರು ಬಿಚ್ಚಲಿಲ್ಲ. ಬದನೆಕಾಯಿ ತೂಗುವವರ ಹಾಗೆ ಅಂಗೈಯಲ್ಲಿ ಎತ್ತಿ ನೋಡಿ, "ಆರು ಫಾರ್ಮ್ ಆಗತೈತ್ರಿ" ಎಂದರು. ಫಾರ್ಮಿಗೆ 16 ಪುಟ, ಆರಕ್ಕೆ 96. ನನ್ನ ಹತ್ತಿರ ಇದ್ದದ್ದು 82.

"ಉಳದ 14 ಪುಟಕ್ಕ ಏನರ ಬರೀರಿ. ಇಲ್ಲಾ ಯಾರದರ ಮುನ್ನುಡಿ ತರ್ರಿ. ಖಾಲಿ ಬಿಟ್ರ ಕಾಗದ ಲುಕ್ಸಾನ."

ಕನ್ನಡದಲ್ಲಿ ಮುನ್ನುಡಿಗಳು ಯಾಕೆ ಅಷ್ಟು ಉದ್ದ ಇರುತ್ತವೆ ಅನ್ನುವುದು ನನಗೆ ಅವತ್ತು ತಿಳಿಯಿತು.

ಇದು ಧಾರವಾಡ. ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಮನೋಹರ ಗ್ರಂಥಮಾಲಾ ಪ್ರಕಾಶನದ ಕಚೇರಿ 'ಅಟ್ಟ' ಇರುವುದು ಇಲ್ಲಿನ ಸುಭಾಸ ರಸ್ತೆಯಲ್ಲಿ. ಇನ್ನೂ ಹುಡುಗನಂತಿದ್ದ ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ'ಯನ್ನು 1961ರಲ್ಲಿ ಅಚ್ಚು ಹಾಕಿದವರು ಅವರೇ. ಆ ಅಟ್ಟದಿಂದ ಪುಸ್ತಕ ಕೆಳಗೆ ಇಳಿದು ಬರುತ್ತಿತ್ತು. ನನ್ನ ಪುಸ್ತಕಕ್ಕೂ ಅಟ್ಟದ ಯೋಗ ಇದೆ, ಆದರೆ ಅದು ಮೇಲೆ ಏರಿತು. ಕರಾರಿನ ಪ್ರಕಾರ ನಾನೇ ಕೊಂಡ 300 ಪ್ರತಿಗಳು ಈಗ ನಮ್ಮ ಮನೆಯ ಅಟ್ಟದ ಮೇಲೆ, ಹಪ್ಪಳದ ಡಬ್ಬಿಯ ಪಕ್ಕ ಇವೆ.

ಸರ್ಕಾರದ ಕಡೆಗೂ ಹೋಗಿ ಬಂದೆ ಅನ್ನಿ. ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಪ್ರೋತ್ಸಾಹಧನ ಕೊಡುತ್ತದೆ, ವಯಸ್ಸು 35ರ ಒಳಗಿರಬೇಕು. ನನಗೆ 41. ಚೊಚ್ಚಲ ಹೆರಿಗೆ ತಡವಾದ ಬಾಣಂತಿಗೆ ಅಲ್ಲಿ ಹಾಸಿಗೆ ಇಲ್ಲ. ಇನ್ನು ಗ್ರಂಥಾಲಯಗಳಿಗೆ ಪುಸ್ತಕ ಕೊಳ್ಳುವ ಗ್ರಂಥಾಲಯ ಇಲಾಖೆಯ ಏಕಗವಾಕ್ಷಿ ಯೋಜನೆ. ಅವರೂ ದರ ಕಟ್ಟುವುದು ಪುಟ ಎಣಿಸಿಯೇ. ಸಾಲಿಗೆ ನಾಲ್ಕು ಪದ ಇಟ್ಟ ಕವಿಗೂ, ಪುಟದ ತುಂಬ ಶಾಸನ ಕೊರೆದ ಸಂಶೋಧಕನಿಗೂ ಪುಟಕ್ಕೆ ಅಷ್ಟೇ ಪೈಸೆ.

"ಐಎಸ್‌ಬಿಎನ್‌ಗೆ ಬ್ಯಾರೆ ಚಾರ್ಜ್ ಆಗತೈತ್ರಿ" ಎಂದರು ಪ್ರಕಾಶಕರು. ಪುಸ್ತಕದ ಗುರುತಿನ ಆ 13 ಅಂಕಿಗಳನ್ನು ದಿಲ್ಲಿಯ ರಾಷ್ಟ್ರೀಯ ಏಜೆನ್ಸಿ ಪುಕ್ಕಟೆ ಕೊಡುತ್ತದಲ್ಲ ಎಂದೆ. "ಅವರು ಕೊಡೂದು ಪುಕ್ಕಟ. ನಾವು ಇಸಗೊಳ್ಳೂದು ಪುಕ್ಕಟ ಅಲ್ರಿ." ಕೊಟ್ಟೆ. ಕಾಲೇಜಿನಲ್ಲಿ ಪಾಠ ಹೇಳುವ ಗೆಳೆಯರಿಗೆ ಪುಸ್ತಕ ಬರುತ್ತಿದೆ ಅಂದರೆ, ಕವಿತೆಯೋ ಕಥೆಯೋ ಎಂದು ಯಾರೂ ಕೇಳಲಿಲ್ಲ, "ಐಎಸ್‌ಬಿಎನ್ ಐತೇನ್ರಿ?" ಎಂದಷ್ಟೇ ಕೇಳಿದರು.

'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಡಿಟಿಪಿ ಹುಡುಗ ಯೂನಿಕೋಡಿಗೆ ತಿರುವಿದಾಗ ಅರ್ಕಾವತ್ತುಗಳು ಒಂದೊಂದು ಮನೆ ಆಚೆ ಜಿಗಿದವು. 'ಸೂರ್ಯ' ಹೋಗಿ 'ಸೂಯರ್' ಆದ, ವರ್ಷ 'ವಷರ್' ಆಯಿತು. ತಿದ್ದುವ ಮೊದಲೇ ಆ ಪ್ರತಿ ಮುನ್ನುಡಿಗೆ ಹೋಗಿಬಿಟ್ಟಿತ್ತು. ಹಿರಿಯರು 14 ಪುಟ ತುಂಬಿಸಿಯೇ ಕೊಟ್ಟರು. ಅದರಲ್ಲಿ ನನ್ನ ಕವಿತೆಯ ಬಗ್ಗೆ ಇದ್ದದ್ದು ಒಂದೇ ವಾಕ್ಯ: "ಸೂರ್ಯನನ್ನೇ 'ಸೂಯರ್' ಎಂದು ಮುರಿದು ಕಟ್ಟುವ ಈ ಕವಿಯ ಭಾಷಿಕ ಧೈರ್ಯ ಬೆರಗು ಹುಟ್ಟಿಸುತ್ತದೆ." ತಿದ್ದಿದರೆ ಮುನ್ನುಡಿ ಸುಳ್ಳಾಗುತ್ತದೆ. ಹಾಗೇ ಬಿಟ್ಟೆ.

ಬಿಡುಗಡೆಗೆ ಎರಡು ದಿನ ಇರುವಾಗ ಗದಗಿನ ಪ್ರೆಸ್ಸಿನಿಂದ ಸುದ್ದಿ ಬಂತು. ಬೈಂಡಿಂಗ್ ಮಾಡುವವ ಜಾತ್ರೆಗೆ ಹೋಗಿದ್ದಾನೆ. ಸಭಾಭವನ ಗೊತ್ತಾಗಿದೆ, ಆಮಂತ್ರಣ ಹಂಚಿದ್ದಾಗಿದೆ, ಫೇಡೆ ಹೇಳಿದ್ದಾಗಿದೆ. "ಚಿಂತಿ ಮಾಡಬ್ಯಾಡ್ರಿ, ವೇದಿಕಿ ಮಟ್ಟಿಗೆ ಏಳು ಪ್ರತಿ ಬರತಾವು" ಎಂದರು ಪ್ರಕಾಶಕರು. ಮಾತಿಗೆ ತಪ್ಪಲಿಲ್ಲ. ಬಣ್ಣದ ಕಾಗದ ಸುತ್ತಿ, ಗುಲಾಬಿ ರಿಬ್ಬನ್ ಬಿಗಿದ ಏಳು ಪ್ರತಿ ಗದಗ ಬಸ್ಸಿನಲ್ಲಿ ಬಂದಿಳಿದವು.

ಗಂಟು ಬಿಚ್ಚಲಿಲ್ಲ. ಕತ್ತರಿ ಯಾರೂ ತಂದಿರಲಿಲ್ಲ. ಮುಖ್ಯ ಅತಿಥಿಗಳು ಸ್ಕೂಟರ್ ಕೀಲಿಯಿಂದ ತಿವಿದು ತಿವಿದು ಹರಿದರು. ಅಷ್ಟರಲ್ಲಿ ಫೋಟೊದವ, "ಸರ್ರ, ಫ್ಲ್ಯಾಶ್ ಬೀಳಲಿಲ್ಲ, ಇನ್ನೊಮ್ಮೆ ಕಟ್ಟಿ ಬಿಚ್ರಿ" ಎಂದ. ಹೀಗೆ ನನ್ನ ಪುಸ್ತಕ ಅರ್ಧ ತಾಸಿನಲ್ಲಿ ಎರಡು ಸಲ ಲೋಕಾರ್ಪಣೆಗೊಂಡಿತು. ಏಳೂ ಗಣ್ಯರು ಮುಖಪುಟ ಕ್ಯಾಮೆರಾಕ್ಕೆ ಕಾಣುವಂತೆ ಎದೆಗೆ ಅವುಚಿಕೊಂಡು ನಿಂತರು.

ಆಮೇಲೆ ಎರಡೂವರೆ ತಾಸು ಭಾಷಣ. ಒಬ್ಬರು ಇಡೀ ಸಂಕಲನವನ್ನು ನಿನ್ನೆ ರಾತ್ರಿ ಒಂದೇ ಗುಕ್ಕಿಗೆ ಓದಿ ಮುಗಿಸಿದ್ದರು. ಬಸ್ಸು ಬಂದದ್ದು ಇವತ್ತು ಬೆಳಿಗ್ಗೆ. ಇನ್ನೊಬ್ಬರು, "ಪುಸ್ತಕ ಓದಿಲ್ಲ, ಆದರೆ ಕವಿಯ ತಂದೆಯವರನ್ನು ಬಲ್ಲೆ" ಎಂದರು. ನನಗೆ ಹಿಡಿಸಿದ ಭಾಷಣ ಅದೊಂದೇ. ಮೂರನೆಯವರು ಒಂದು ಸಾಲು ಓದಿ ತೋರಿಸಲು ಪುಟ ತೆರೆದರು, ಚಾಳೀಸು ಮರೆತು ಬಂದದ್ದು ನೆನಪಾಗಿ ಮುಚ್ಚಿದರು. ನಾನೂ ತೆರೆದಿರಲಿಲ್ಲ, ಸುಳ್ಳು ಯಾಕೆ? ಮುಖಪುಟದ ಮೇಲಿನ ನನ್ನ ಹೆಸರಿನಿಂದ ಕಣ್ಣು ಕಿತ್ತರೆ ತಾನೆ.

ಸಭೆ ಮುಗಿದು ಫೇಡೆಯೂ ಮುಗಿಯಿತು. ಮೈಕ್ ಸೆಟ್ಟಿನ ಹುಡುಗ ವಾಯರ್ ಸುತ್ತುವುದನ್ನು ಬಿಟ್ಟು, ಯಾರೋ ಗಣ್ಯರು ಕುರ್ಚಿಯ ಮೇಲೆ ಬಿಟ್ಟುಹೋದ ಪ್ರತಿ ಹಿಡಿದು ಕುಳಿತಿದ್ದ. ಬೆರಳು ಸಾಲಿನ ಮೇಲೆ ಸರಿಯುತ್ತಿತ್ತು. ನನ್ನ ಗಂಟಲು ಉಬ್ಬಿ ಬಂತು.

"ಸರ್ರ, 31ನೇ ಪುಟದಾಗ ನಮ್ಮ ಕಾಕಾನ ಹೆಸರು ಐತಲ್ರಿ."

"ಕವಿತಾ ಅಂದ್ರ ಹಂಗ ತಮ್ಮಾ, ಓದಿದವ್ರಿಗೆ ತಮ್ಮವರೇ ಕಾಣತಾರ" ಎಂದೆ.

"ಅಲ್ರಿ ಸರ್ರ, ಸುಸ್ತಿದಾರರ ಪಟ್ಟಿಯೊಳಗ ಐತಿ. ಅಸಲು ಬ್ಯಾರೆ, ಬಡ್ಡಿ ಬ್ಯಾರೆ ಬರದಾರ."

ಕಸಿದುಕೊಂಡು ನೋಡಿದೆ. ಮುಖಪುಟ ನನ್ನದು. ಒಳಗೆ ಯಾವುದೋ ಪತ್ತಿನ ಸಹಕಾರಿ ಸಂಘದ ವಾರ್ಷಿಕ ವರದಿ. ಏಳಕ್ಕೆ ಏಳೂ ಅದೇ. ಪ್ರಕಾಶಕರು ಶಾಂತವಾಗಿ ಹೇಳಿದರು: "ಮುಖಪುಟ ಅಷ್ಟ ರೆಡಿ ಇದ್ವು. ಒಳಗ ಏನರ ಬೇಕಲ್ರಿ?"

ಹುಡುಗ ಇನ್ನೂ ಅಲ್ಲೇ ನಿಂತಿದ್ದ.

"ಇದು ಎಷ್ಟರಿ ಸರ್ರ? ಕಾಕಾಗ ತೋರಸಬೇಕು."

120 ಎಂದೆ. ಕಿಸೆಯಿಂದ ತೆಗೆದು ಎಣಿಸಿ ಕೊಟ್ಟ. ರಿಯಾಯಿತಿ ಕೇಳಲಿಲ್ಲ.