ಕಾಟರ್ ಪಿನ್ನಿನ ಕಾಟ

ಈಗ ತಾನೆ ಸುತ್ತಿಗೆ ಕೆಳಗಿಟ್ಟಿದ್ದು. ಪಿನ್ನು ಇನ್ನೂ ಅಲ್ಲೇ ಇದೆ, ಕೂದಲೆಳೆಯಷ್ಟೂ ಕದಲಿಲ್ಲ. ಹಳೇ ರೇಸ್ ಸೈಕಲ್ಲಿನ ಅಷ್ಟೂ ಬಿಡಿಭಾಗಗಳಲ್ಲಿ ಹೆಸರಿನಲ್ಲೇ ಕಾಟ ಇಟ್ಟುಕೊಂಡು ಹುಟ್ಟಿದ್ದು ಈ ಕಾಟರ್ ಪಿನ್ ಒಂದೇ. ಇಟ್ಟ ಹೆಸರಿಗೆ ಅದು ಇವತ್ತಿನವರೆಗೂ ಮೋಸ ಮಾಡಿಲ್ಲ.

ಕಿರುಬೆರಳಿಗಿಂತ ಸಣ್ಣ ಕಬ್ಬಿಣದ ತುಂಡು. ಒಂದು ಮಗ್ಗುಲನ್ನು ಓರೆಯಾಗಿ ಚಪ್ಪಟೆ ಮಾಡಿರುತ್ತಾರೆ, ತುದಿಗೊಂದು ನಟ್ಟು. ಪೆಡಲನ್ನು ಹೊತ್ತ ತೋಳಾದ ಕ್ರ್ಯಾಂಕಿನ ತೂತಿನಲ್ಲಿ ತೂರಿ, ಒಳಗಿನ ಆಕ್ಸಲ್ಲಿನ ಕಚ್ಚಿಗೆ ಬೆಣೆಯಂತೆ ಒತ್ತಿ ಕೂರುವುದೇ ಇದರ ಕೆಲಸ. ಕಾಲಿನ ಬಲವೆಲ್ಲ ಇದರ ಮೇಲೇ. ಈ ಪಿನ್ನೇ ಬೇಡದ, ಚೌಕ ತುದಿಯ ಆಕ್ಸಲ್ಲನ್ನು ಫ್ರಾನ್ಸಿನ ಸ್ಟ್ರಾಂಗ್‌ಲೈಟ್ ಕಂಪನಿ 1930ರ ದಶಕದಲ್ಲೇ ಮಾಡಿ ತೋರಿಸಿತ್ತು. ಆಮೇಲೂ ಎಷ್ಟೋ ದಶಕ ಅಗ್ಗದ ಸೈಕಲ್ಲುಗಳಿಗೆ ಕಾಟರ್ ಹೊಡೆಯುತ್ತಲೇ ಹೋದರು. ಹೊಡೆದವರು ಹೊಡೆದು ಹೋದರು, ಬಿಚ್ಚುವ ಪಾಡು ನಮ್ಮದು.

ಬಿಚ್ಚುವ ಕ್ರಮ ಹೇಳಲು ಬಹಳ ಸುಲಭ. ನಟ್ಟನ್ನು ಪೂರ್ತಿ ತೆಗೆಯಬಾರದು. ಅದರ ಮೈ ಪಿನ್ನಿನ ತುದಿಗೆ ಸಮ ಬರುವಷ್ಟು ಮಾತ್ರ ಸಡಿಲಿಸಬೇಕು, ಆಗ ಥ್ರೆಡ್ಡು ಬದುಕುತ್ತದೆ. ಇದನ್ನು ಎಲ್ಲರೂ ಓದಿರುತ್ತಾರೆ. ಓದಿ, ನಟ್ಟನ್ನು ಪೂರ್ತಿ ತೆಗೆದು ಪಕ್ಕಕ್ಕಿಟ್ಟು, ಬರಿ ತುದಿಗೆ ಟಕಟಕ ಬಡಿಯುತ್ತಾರೆ. ನಾಲ್ಕನೇ ಏಟಿಗೆ ತುದಿ ನಾಯಿಕೊಡೆಯಂತೆ ಅರಳಿ, ತೂತಿನೊಳಗೆ ಹೋಗುವ ಮಾತೇ ಇಲ್ಲದಂತಾಗುತ್ತದೆ. ಹತ್ತು ಮೆಲ್ಲನೆ ಏಟಿಗಿಂತ ಒಂದು ಕಿಲೋ ಸುತ್ತಿಗೆಯ ಒಂದೇ ಸರಿಯಾದ ಏಟು ಮೇಲು. ಆದರೆ ಹೊಡೆಯುವ ಮುಂಚೆ ಕ್ರ್ಯಾಂಕಿನ ಕೆಳಗೆ, ಪಿನ್ನಿನ ತಲೆ ಒಳಗಿಳಿಯುವಷ್ಟು ಅಗಲದ ಕಬ್ಬಿಣದ ಪೈಪನ್ನು ನೆಲದಿಂದ ನೇರ ಆನಿಸಿ ನಿಲ್ಲಿಸಬೇಕು. ಇಲ್ಲದಿದ್ದರೆ ಏಟು ಪಿನ್ನಿಗೆ ಬೀಳದೆ ಆಕ್ಸಲ್ಲಿಗೆ ಇಳಿದು, ಒಳಗೆ ಬೇರಿಂಗ್ ಗುಂಡುಗಳು ಉರುಳುವ ಬಟ್ಟಲಿನ, ಅಂದರೆ ಕಪ್ಪಿನ, ಮೈಯಲ್ಲಿ ಒಂದೊಂದು ಗುಂಡಿಗೂ ಒಂದೊಂದು ಗುಳಿ ಬೀಳುತ್ತದೆ.

ತಾಪತ್ರಯ ಶುರುವಾಗುವುದು ಈ ಪೈಪಿನಿಂದ. ಎಡಗೈಯಲ್ಲಿ ಫ್ರೇಮು, ಬಲಗೈಯಲ್ಲಿ ಸುತ್ತಿಗೆ, ಬಾಯಲ್ಲಿ ಟಾರ್ಚು. ಪೈಪಿಗೆ ಕೈ ಉಳಿದಿಲ್ಲ. ಆಗ ಮನೆಯಲ್ಲಿ ತಮ್ಮ ಪಾಡಿಗೆ ತಾವಿದ್ದವರೊಬ್ಬರನ್ನು “ಒಂದೇ ನಿಮಿಷ ಹಿಡ್ಕೊಳ್ಳಿ” ಎಂದು ಕರೆಯಬೇಕಾಗುತ್ತದೆ. ಅವರು ಬರುತ್ತಾರೆ. ಗ್ರೀಸ್ ತಾಗದಂತೆ ಎರಡೇ ಬೆರಳಲ್ಲಿ ಹಿಡಿಯುತ್ತಾರೆ. “ಹಿಡಿದಿದ್ದೀರಾ?” “ಹಿಡಿದಿದ್ದೀನಿ, ಹೊಡೀರಿ.” ಸುತ್ತಿಗೆ ಮೇಲೇಳುತ್ತಲೇ ಅವರ ಕಣ್ಣು ಮುಚ್ಚುತ್ತದೆ, ಕಣ್ಣಿನ ಜತೆಗೇ ಕೈ ಬಿಡುತ್ತದೆ. ಪೈಪು ಒಂದು ಕಡೆ, ಏಟು ಇನ್ನೊಂದು ಕಡೆ, ಕ್ರ್ಯಾಂಕಿನ ಕ್ರೋಮಿನ ಮೇಲೆ ಅರ್ಧಚಂದ್ರಾಕಾರದ ಒಂದು ಮುದ್ರೆ. “ಕೈ ಬಿಟ್ಟಿರಲ್ಲ!” “ನೀವು ಅಷ್ಟು ಜೋರಾಗಿ ಹೊಡೀತೀರಿ ಅಂತ ನಂಗೇನು ಗೊತ್ತು?” ಮತ್ತೆ ಪೈಪು ಎದ್ದು ನಿಲ್ಲುತ್ತದೆ. ಮತ್ತೆ ಹಿಡಿದಿದ್ದೀನಿ, ಮತ್ತೆ ಕಣ್ಣು. ಮೂರನೇ ಸಲ ಅವರು ಮೆತ್ತಗೆ, “ಈ ಎಡಗಡೆ ಪೆಡಲಿನ ಕಾಲು ಬಿಚ್ಚಲೇಬೇಕಾ?” ಎಂದು ಕೇಳುತ್ತಾರೆ. ಆ ಹೊತ್ತಿಗೆ ನಮ್ಮಲ್ಲೂ ಅದೇ ಪ್ರಶ್ನೆ ಎದ್ದಿರುತ್ತದೆ, ಹಾಗಾಗಿಯೇ ಸಿಟ್ಟು ಇನ್ನಷ್ಟು.

ಜಪ್ಪಯ್ಯ ಅನ್ನದ ಪಿನ್ನಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯೆಲ್ಲ ನೆನೆಯಲು ಬಿಡುವುದೇ ಮೊದಲ ದಾರಿ. ಬೆಂಕಿಯಲ್ಲಿ ಕಾಯಿಸಲೂಬಹುದು, ಆದರೆ ಪೇಂಟು ಹೋಗುತ್ತದೆ. ಕಡೆಯ ಅಸ್ತ್ರ ಡ್ರಿಲ್ಲು.

ನೆನೆಯುವ ಹೊತ್ತಿನಲ್ಲಿ ಬೇರೆ ಭಾಗ ಮುಟ್ಟೋಣವೆಂದರೆ ಅಲ್ಲಿ ಅಳತೆಗಳ ದರ್ಬಾರು. ಇಂಗ್ಲಿಷ್ ಫ್ರೇಮಿನಲ್ಲಿ ಆ ಆಕ್ಸಲ್ ಕೂರುವ ಬಾಟಮ್ ಬ್ರಾಕೆಟ್ಟಿನ ಕಪ್ಪಿನ ಅಡ್ಡಳತೆ 1.37 ಇಂಚು, ಅಂದರೆ 34.8 ಮಿಲಿಮೀಟರ್. ಫ್ರೆಂಚರದು 35, ಇಟಾಲಿಯನ್ನರದು 36. ಇಂಗ್ಲಿಷಿನದರ ಬಲಗಡೆ ಕಪ್ಪಿಗೆ ಎಡ ತಿರುಪು, ಉಳಿದಿಬ್ಬರದಕ್ಕೆ ಬಲ ತಿರುಪು. ತಪ್ಪು ದಿಕ್ಕಿಗೆ ಒಂದೂವರೆ ಗಂಟೆ ಬಲ ಹಾಕಿದರೆ ಸ್ಪ್ಯಾನರಿಗೇನೂ ಬೇಜಾರಿಲ್ಲ, ಸೊಂಟಕ್ಕಿದೆ. ಸೀಟಿನ ಕಂಬ 26.4, 26.6, 26.8, 27, 27.2 ಹೀಗೆ 0.2 ಮಿಲಿಮೀಟರಿನ ಲೆಕ್ಕದಲ್ಲಿ ಹೆಜ್ಜೆ ಹಾಕುತ್ತದೆ. ಒಂದು ಹೆಜ್ಜೆ ಚಿಕ್ಕದು ಹಾಕಿದರೆ ಸವಾರಿ ಮಾಡುತ್ತಲೇ ಕುಳ್ಳರಾಗುತ್ತೀರಿ. ಚಕ್ರದ್ದು ಇನ್ನೊಂದು ತಮಾಷೆ. 27 ಇಂಚು ಎಂದರೆ 686 ಮಿಲಿಮೀಟರ್, ಹಾಗಾಗಿ ಹೆಸರಲ್ಲೇ 700 ಇಟ್ಟುಕೊಂಡ 700ಸಿ ಚಕ್ರವೇ ದೊಡ್ಡದಿರಬೇಕು, ಅಲ್ಲವೇ? ಟೈರು ಕೂರುವ ಜಾಗ ಅಳೆದರೆ 27ರದ್ದು 630, 700ಸಿಯದು 622. 27 ತೆಗೆದು 700ಸಿ ಹಾಕಿದರೆ ಬ್ರೇಕಿನ ರಬ್ಬರು 4 ಮಿಲಿಮೀಟರ್ ಕೆಳಗಿಳಿಯಬೇಕು. ಅಷ್ಟು ಇಳಿಯುವ ಜಾಗ ಬ್ರೇಕಿನಲ್ಲಿ ಇದ್ದರೆ ಪುಣ್ಯ.

ಕೊನೆಗೊಮ್ಮೆ ಪಿನ್ನು ಬರುತ್ತದೆ, ಸಾಮಾನ್ಯವಾಗಿ ಯಾರೂ ನೋಡದಿದ್ದಾಗ. ಹೊಸದು ತರುವ ಮುಂಚೆ ಹಳೆಯದನ್ನು ಅಳೆಯಿರಿ: 9.5 ಮಿಲಿಮೀಟರೂ ಇದೆ, 9 ಕೂಡ ಇದೆ. ಚಪ್ಪಟೆ ಮಗ್ಗುಲಿಗೆ ಎರಡೆರಡೇ ಸಲ ಅರ ಹಾಕಿ, ತೂರಿಸಿ ನೋಡಿ, ಮತ್ತೆ ತೆಗೆದು ಅರ ಹಾಕಬೇಕು. ಎರಡೂ ಪಿನ್ನಿಗೆ ಒಂದೇ ಓರೆ, ಆದರೆ ಕೂರಿಸುವುದು ಎದುರುಬದುರು. ಒಂದೇ ದಿಕ್ಕಿಗೆ ಕೂರಿಸಿದರೆ ಪೆಡಲುಗಳೆರಡೂ ಒಂದು ಗೆರೆಗೆ ಬರದೆ, ಸವಾರ ಕುಂಟುತ್ತಾ ಸೈಕಲ್ ಹೊಡೆಯುತ್ತಾನೆ. ಸುತ್ತಿಗೆಯಿಂದ ಕೂರಿಸಿ, ನಟ್ಟಿನಿಂದ ಹಿಡಿದಿಡಬೇಕು. ನಟ್ಟಿನಿಂದಲೇ ಎಳೆಯಹೋದರೆ ಥ್ರೆಡ್ಡು ಕೈಗೆ ಬರುತ್ತದೆ.

ಆಕ್ಸಲ್ ಹೊರಗೆ ಬಂದ ಮೇಲೆ, ಮಣ್ಣಿನ ಬಣ್ಣಕ್ಕೆ ತಿರುಗಿ ಮೇಣದಂತೆ ಗಟ್ಟಿಯಾದ ಗ್ರೀಸಿನಲ್ಲಿ ಗುಂಡುಗಳು ಹುದುಗಿರುತ್ತವೆ. ಕಾಲಿಂಚಿನವು, ಒಂದೊಂದು ಕಡೆ ಹನ್ನೊಂದು. ಎಣಿಸಿದಾಗ ಕೆಲವೊಮ್ಮೆ ಒಂದು ಕಡೆ ಹತ್ತೇ ಸಿಗುತ್ತವೆ. ಮೊದಲು ನೆಲ ತಡಕುತ್ತೇವೆ, ಅಯಸ್ಕಾಂತ ಹಿಡಿದು ಬೀರುವಿನಡಿ ಮಲಗುತ್ತೇವೆ. ಆಮೇಲೆ ಹತ್ತು ಗುಂಡು ಓಡಿದ ಗುರುತು ಕಪ್ಪಿನಲ್ಲಿ ಕಂಡು ಸುಮ್ಮನಾಗುತ್ತೇವೆ. ನಲವತ್ತು ವರ್ಷದ ಹಿಂದೆ ಯಾರೋ ಇದನ್ನೇ ಬಿಚ್ಚಿ, ಯಾವುದೋ ನೆಲದ ಮೇಲೆ ಹೀಗೇ ತಡಕಿ, ಸಿಗದೆ, ಇರುವ ಹತ್ತನ್ನೇ ಹಾಕಿ ಮುಚ್ಚಿಬಿಟ್ಟಿದ್ದಾರೆ. ಅಷ್ಟು ಹೊತ್ತು ಬೈದುಕೊಂಡಿದ್ದ ಬಾಯಿ ಅಲ್ಲಿ ಸ್ವಲ್ಪ ಮೆತ್ತಗಾಗುತ್ತದೆ. ಅವರ ಪೈಪನ್ನು ಹಿಡಿದಿದ್ದವರು ಯಾರೋ.

ಇಷ್ಟೆಲ್ಲ ಆಗಿ ಬೆಳಗ್ಗೆ ರಸ್ತೆಗಿಳಿದರೆ, ಕೆಳಗಿನ ಟ್ಯೂಬಿನಲ್ಲಿರುವ ಗೇರಿನ ಕಡ್ಡಿಗೆ ಕೈ ತಾನಾಗಿ ಇಳಿಯುತ್ತದೆ. ಅದಕ್ಕೆ ಕ್ಲಿಕ್ಕಿಲ್ಲ. ಸ್ವಲ್ಪ ಹೆಚ್ಚೇ ಎಳೆದು, ಚೈನು ಹತ್ತಿದ ಮೇಲೆ ಕೂದಲಷ್ಟು ಹಿಂದೆ ಬಿಟ್ಟರೆ ಕಿರಿಕಿರಿ ನಿಂತು ನುಣ್ಣಗೆ ಓಡುತ್ತದೆ. ಆ ನಿಶ್ಶಬ್ದಕ್ಕಾಗಿಯೇ ಇಷ್ಟು ಪಾಡು. ಹತ್ತು ಹದಿನೈದು ಕಿಲೋಮೀಟರು ಹೋಗುತ್ತಲೇ ಎಡಗಾಲು ಕೆಳಗಿಳಿದಾಗ ‘ಟಕ್’. ಪೆಡಲಿರಬೇಕು. ಮತ್ತೆ ‘ಟಕ್’. ಸೀಟಿರಬೇಕು, ಎದ್ದು ತುಳಿದು ನೋಡೋಣ. ‘ಟಕ್’.