ಎಣ್ಣೆ ಹಾಕ್ಸೋರೇ ಮನೆ ಮುಟ್ಸೋ ಗಾಡಿನೂ ಮಾಡ್ಲಿ

ಡ್ರಂಕ್ ಅಂಡ್ ಡ್ರೈವ್ ಅಂದ ತಕ್ಷಣ ಎಲ್ರೂ ಮಾತಾಡೋದು ಬೆಂಗ್ಳೂರಿನ ಪಬ್ಬು, ವೀಕೆಂಡು, ನ್ಯೂ ಇಯರ್ ರಾತ್ರಿ ಪೊಲೀಸ್ರು ಊದ್ಸೋದು, ಇಷ್ಟೇ. ನಮ್ಮ ಮಂಡ್ಯ ಕಡೆ ಹಳ್ಳಿ ರೋಡುಗಳ ಸುದ್ದಿ ಯಾರಿಗೂ ಬೇಡ. ಇಲ್ಲಿ ಬೀಗರೂಟ, ಮಾರಿಹಬ್ಬ, ಹರಕೆ ಮರಿ, ಯಾವ್ದಾದ್ರೂ ಸರಿ, ಊಟದ ಪೆಂಡಾಲ್ ಒಂದ್ಕಡೆ ಇದ್ರೆ ಎಣ್ಣೆ ವ್ಯವಸ್ಥೆ ಹಿಂದ್ಗಡೆ ತೋಟದಲ್ಲಿರುತ್ತೆ, ಎಷ್ಟು ಕೇಸ್ ತರ್ಸಿದ್ರು ಅನ್ನೋದೇ ಮರ್ಯಾದೆ ಪ್ರಶ್ನೆ, ಮಧ್ಯಾಹ್ನ ಶುರುವಾಗಿದ್ದು ಕತ್ತಲಾಗೋವರ್ಗೂ ಎಳೆಯುತ್ತೆ, ಆಮೇಲೆ ಬಂದೋರೆಲ್ಲ ಅವ್ರವ್ರ ಬೈಕ್ ಹತ್ಕೊಂಡು ಹೊರಡ್ತಾರೆ. ಹಿಂದೆ ಹೆಂಡ್ತಿ, ಮುಂದೆ ಟ್ಯಾಂಕ್ ಮೇಲೆ ಮಗು. ರೋಡಲ್ಲಿ ಲೈಟಿಲ್ಲ. ಕಬ್ಬು ಕಡಿಯೋ ಕಾಲ ಆದ್ರಂತೂ ಲೋಡ್ ಮಾಡ್ಕೊಂಡ ಟ್ರಾಕ್ಟರ್ ಹಿಂದೆ ರಿಫ್ಲೆಕ್ಟರೂ ಇಲ್ದೆ ರೋಡ್ ಪಕ್ಕದಲ್ಲೇ ನಿಂತಿರುತ್ತೆ. ಕುಡೀದೇ ಇರೋನಿಗೇ ಅದು ಹತ್ರ ಬರೋವರ್ಗೂ ಕಾಣಲ್ಲ.

ಹಿಂಗೆ ಕುಡ್ದು ಗಾಡಿ ಓಡ್ಸಿ ಆಗೋ ಸಾವುಗಳು ನಿಲ್ಬೇಕು ಅಂದ್ರೆ ಪೊಲೀಸ್ರನ್ನ ಕಾಯ್ತಾ ಕೂತ್ರೆ ಆಗಲ್ಲ, ಊರೇ ಕೈ ಹಾಕ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಒಂದು ಸ್ಟೇಷನ್ನಿಗೆ ಎಷ್ಟೊಂದು ಹಳ್ಳಿ ಬರುತ್ತೆ, ಇರೋ ಸಿಬ್ಬಂದಿ ಬಂದೋಬಸ್ತಿಗೇ ಸಾಲಲ್ಲ, ಪ್ರತಿ ತೋಟದ ದಾರೀಲೂ ಮಿಷಿನ್ ಹಿಡ್ಕೊಂಡು ನಿಲ್ಲೋಕಾಗುತ್ತಾ? ಕಾನೂನೇನೋ ಬಿಗಿಯಾಗೇ ಇದೆ. ಮೋಟಾರು ವಾಹನ ಕಾಯ್ದೆ 185ನೇ ಸೆಕ್ಷನ್ ಪ್ರಕಾರ 100 ಎಂ.ಎಲ್. ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ರೆ ಕೇಸು. 2019ರ ತಿದ್ದುಪಡಿ ಆದ್ಮೇಲೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ ಇಲ್ಲ ಆರು ತಿಂಗಳವರ್ಗೂ ಜೈಲು, ಎರಡೂ ಆಗ್ಬೋದು. ಆದ್ರೆ ಹಿಡಿಯೋರೇ ಇಲ್ದಿರೋ ರೋಡಲ್ಲಿ ದಂಡಕ್ಕೆ ಯಾರು ಹೆದರ್ತಾರೆ ಹೇಳಿ.

ಹೈವೇ ಪಕ್ಕ 500 ಮೀಟರ್ ಒಳಗೆ ಮದ್ಯದಂಗಡಿ ಇರ್ಬಾರ್ದು ಅಂತ ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಆದೇಶ ಮಾಡ್ತು, ನೆನಪಿರ್ಬೇಕು. ಆಮೇಲೆ ಸಣ್ಣ ಊರುಗಳಿಗೆ 220 ಮೀಟರ್ ಅಂತ ಸಡಿಲ ಮಾಡಿದ್ರು. ಉದ್ದೇಶ ಒಳ್ಳೇದೇ, ನಾನು ಬೇಡ ಅನ್ನಲ್ಲ. ಆದ್ರೆ ಅಂಗಡಿ ಹೈವೇ ಬಿಟ್ಟು ಒಳಗಿನ ರಸ್ತೆಗೆ ಹೋದ್ರೆ ಕುಡಿಯೋನೂ ಬೈಕ್ ಹತ್ಕೊಂಡು ಅಲ್ಲಿಗೇ ಹೋಗ್ತಾನೆ, ವಾಪಸ್ಸೂ ಅದೇ ಬೈಕಲ್ಲೇ ಬರ್ತಾನೆ.

ಜಪಾನಿನವ್ರು ಮಾಡಿದ್ದು ನನಗೆ ಸರಿ ಅನ್ಸುತ್ತೆ. 2006ರಲ್ಲಿ ಫುಕುಓಕಾದಲ್ಲಿ ಒಬ್ಬ ಕುಡ್ದು ಕಾರ್ ಓಡ್ಸಿ, ಸೇತುವೆ ಮೇಲೆ ಹೋಗ್ತಿದ್ದ ಒಂದು ಸಂಸಾರದ ಕಾರಿಗೆ ಹಿಂದಿಂದ ಗುದ್ದಿ, ಆ ಕಾರು ಸಮುದ್ರಕ್ಕೆ ಬಿದ್ದು ಮೂರು ಮಕ್ಕಳು ತೀರ್ಕೊಂಡ್ವು. ಇಡೀ ದೇಶ ಅತ್ತಿತ್ತು. ಮರುವರ್ಷ, 2007ರಲ್ಲಿ, ಕಾನೂನು ಬದಲಾಯ್ಸಿ, ಗಾಡಿ ಓಡ್ಸಿದವನ ಜೊತೆಗೆ ಅವ್ನು ಓಡ್ಸ್ತಾನೆ ಅಂತ ಗೊತ್ತಿದ್ದೂ ಕುಡ್ಸಿದೋನು, ಗಾಡಿ ಕೊಟ್ಟೋನು, ಪಕ್ಕದಲ್ಲಿ ಕೂತು ಡ್ರಾಪ್ ಕೇಳ್ದೋನು ಎಲ್ರಿಗೂ ಶಿಕ್ಷೆ ಅಂದ್ರು. ಗುಂಪಲ್ಲಿ ಹೋದ್ರೆ ಒಬ್ಬ ಕುಡಿಯಂಗಿಲ್ಲ, ಅವ್ನೇ ಎಲ್ರನ್ನೂ ಮನೆ ಮುಟ್ಸ್ಬೇಕು ಅನ್ನೋ ಪ್ರಚಾರನೂ ನಡೀತು.

ನಮ್ಮ ಕಾಯ್ದೇಲೂ 188ನೇ ಸೆಕ್ಷನ್ ಅಂತ ಒಂದಿದೆ, ಕುಡ್ದು ಗಾಡಿ ಓಡ್ಸೋಕೆ ಕುಮ್ಮಕ್ಕು ಕೊಟ್ಟೋನಿಗೂ ಅದೇ ಶಿಕ್ಷೆ ಅಂತ. ನಾನು ಮಾತಾಡ್ಸಿದ ಯಾರಿಗೂ ಇದು ಗೊತ್ತೇ ಇರ್ಲಿಲ್ಲ. "ಏ ಕುಡೀ ಭಾವ, ಎರಡು ಪೆಗ್ಗಿಗೆ ಏನಾಗಲ್ಲ" ಅಂತ ಬಲವಂತ ಮಾಡಿ ಕುಡ್ಸಿ, ಆಮೇಲೆ ಬೈಕ್ ಕೀ ನಾವೇ ಕೈಗೆ ಕೊಡ್ತೀವಲ್ಲ, ಅದನ್ನ ಏನಂತ ಕರೀಬೇಕು? ಅವ್ನು ಮನೆ ಸೇರ್ದೆ ಹೋದ್ರೆ ಮೂರನೇ ದಿನ ಹಾಲು ತುಪ್ಪಕ್ಕೂ ನಾವೇ ಹೋಗ್ತೀವಿ.

ಹಂಗಾಗಿ ಊಟ ಹಾಕ್ಸೋರೇ ವಾಪಸ್ ಬಿಡೋ ಗಾಡಿನೂ ಮಾಡ್ಬೇಕು. ಲಕ್ಷಗಟ್ಲೆ ಖರ್ಚು ಮಾಡಿ ಮರಿ ಕುಯ್ಯೋರಿಗೆ ಒಂದು ಟೆಂಪೋ ಟ್ರಾವೆಲರ್, ಎರಡು ಓಮ್ನಿ ಬಾಡಿಗೆ ದೊಡ್ಡದೇನಲ್ಲ (ಗೂಡ್ಸ್ ಆಟೋದಲ್ಲಿ ಜನ ತುಂಬ್ಬೇಡಿ, ಅದು ಇನ್ನೊಂದು ಅನಾಹುತ). ಪೆಂಡಾಲ್ ಹತ್ರಾನೇ ಕೀ ಇಸ್ಕೊಂಡು ಚೀಟಿ ಅಂಟ್ಸಿ ಇಡ್ಬೇಕು, ಬೈಕು ಅಲ್ಲೇ ಇರ್ಲಿ, ನಾಳೆ ಮಧ್ಯಾಹ್ನ ಬಂದು ತಗೊಂಡೋಗ್ಲಿ. ಮಧ್ಯಾಹ್ನ ಯಾಕಂದ್ರೆ ಒಂದು ಕ್ವಾಟ್ರು (180 ಎಂ.ಎಲ್. ಎಣ್ಣೆ) ಮೈಯಿಂದ ಪೂರ್ತಿ ಇಳಿಯೋಕೆ ಹತ್ತತ್ರ ಏಳೆಂಟು ಗಂಟೆ ಬೇಕು, ರಾತ್ರಿವರ್ಗೂ ಕುಡ್ದೋನಿಗೆ ಬೆಳಿಗ್ಗೆ ಡೈರಿಗೆ ಹಾಲು ಹಾಕೋ ಹೊತ್ತಿಗೂ ಮತ್ತು ಉಳ್ದಿರುತ್ತೆ. ನಿಂಬೆಹಣ್ಣು, ಮಜ್ಜಿಗೆ, ತಲೆ ಮೇಲೆ ನೀರು, ಇದ್ಯಾವ್ದಕ್ಕೂ ರಕ್ತದಲ್ಲಿರೋದು ಇಳಿಯಲ್ಲ, ಅದನ್ನ ಕರಗ್ಸೋದು ಲಿವರ್ರು, ಅದು ಅದರ ಸ್ಪೀಡಲ್ಲೇ ಮಾಡುತ್ತೆ.

ಯಾರು ಶುರು ಮಾಡ್ಬೇಕು ಅಂದ್ರೆ ಹೆಣ್ಮಕ್ಕಳ ಸಂಘಗಳೇ ಅಂತೀನಿ. 2019ರ ಜನವರೀಲಿ ಮದ್ಯ ನಿಷೇಧ ಮಾಡಿ ಅಂತ ಸಾವಿರಾರು ಹೆಣ್ಮಕ್ಕಳು ಚಿತ್ರದುರ್ಗದಿಂದ ಬೆಂಗ್ಳೂರಿಗೆ ನಡ್ಕೊಂಡೇ ಬಂದ್ರಲ್ಲ, ಆ ಛಲ ಇರೋರಿಗೆ ಪೆಂಡಾಲ್ ಬಾಗಿಲಲ್ಲಿ ಕೀ ಇಸ್ಕೊಳ್ಳೋದು ಕಷ್ಟ ಅಲ್ಲ. ಅವ್ರ ಜೊತೆ ಪಂಚಾಯ್ತಿ ಮೆಂಬರ್ರು, ಡೈರಿ ಸೆಕ್ರೆಟರಿ, ಬೀಟ್ ಪೊಲೀಸ್ ನಿಂತ್ರೆ ಸಾಕು. ಗ್ರಾಮಸಭೇಲಿ ಒಂದು ತೀರ್ಮಾನ ಬರೆಸಿ, ಲಗ್ನಪತ್ರಿಕೇಲೇ "ವಾಪಸ್ ಹೋಗಲು ವಾಹನ ವ್ಯವಸ್ಥೆ ಇದೆ" ಅಂತ ಒಂದು ಸಾಲು ಹಾಕ್ಸಿ. ನಮ್ಮ ತಾಲೂಕಲ್ಲಿ ಯಾವ ಊರು ಮೊದ್ಲು ಮಾಡಿದ್ರೂ ನನಗೆ ಹೇಳಿ ಕಳ್ಸಿ, ಕೀ ಇಸ್ಕೊಳ್ಳೋ ಟೇಬಲ್ ಹತ್ರ ನಾನು ಕೂರ್ತೀನಿ, ಬೈದ್ರೆ ಬೈಸ್ಕೊಳ್ತೀನಿ.